ಕೊರಳಿಗೆ ಹೋದ ಕೈ

ಗುರುವಾರ ಬೆಳಿಗ್ಗೆ ಪೇಪರಿನವನು ಗೇಟಿನ ಮೇಲಿಂದ ಎಸೆದ ವಾರಪತ್ರಿಕೆ ಜಗಲಿಗೆ ಥಪ್ಪೆಂದು ಬಿದ್ದ ಸದ್ದಿಗೆ ಲೋಹಿತಾಳ ಕೈಯಲ್ಲಿದ್ದ ಪಾತ್ರೆ ಅಲುಗಿ ಸ್ಟವ್ ಮೇಲೆಲ್ಲ ಹಾಲು ಚೆಲ್ಲಿತು. ಓಡಿಹೋಗಿ ತಾನೇ ಎತ್ತಿ ಬಚ್ಚಿಟ್ಟುಬಿಡಬೇಕು, ಈ ವಾರ ಬರಲೇ ಇಲ್ಲ ಅತ್ತೆ ಎಂದುಬಿಡಬೇಕು ಅನ್ನಿಸಿದ್ದು ನಿಜ. ಅಷ್ಟರಲ್ಲಿ ದೇವರ ಕೋಣೆಯಿಂದ ಚನ್ನಮಲ್ಲಮ್ಮನವರ ದನಿ ಬಂತು, ಪುಸ್ತಕ ಬಂತೇನಮ್ಮ ಅಂತ. ಬಂತು ಅತ್ತೆ, ಎಂದು ಅವಳ ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ಈ ಬಾಯಿಗೆ ಯಾವಾಗಲೂ ಹೀಗೇ, ಬೇಕಾದಾಗ ಸುಳ್ಳು ಬರುವುದಿಲ್ಲ. ಬರೆಯಲು ಕೂತಾಗ ಮಾತ್ರ ಎಷ್ಟು ಬೇಕಾದರೂ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಹಾಲು ಒರೆಸುತ್ತ ಅವಳು ಆ ಪತ್ರಿಕೆಯ ನಡುಪುಟಗಳನ್ನು ನೆನೆಸಿಕೊಂಡಳು. ಅಲ್ಲಿ 'ಶ್ಯಾಮಲಾ ಪಾವಗಡ' ಎಂಬ ಹೆಸರಿನಲ್ಲಿ ಬರುತ್ತಿರುವ ಧಾರಾವಾಹಿಯನ್ನು ಬರೆದವಳು ಮಧುಗಿರಿಯ ಈ ಅಡುಗೆಮನೆಯಲ್ಲಿ ಹಾಲು ಒರೆಸುತ್ತಿದ್ದಾಳೆಂದು ಊರಿನಲ್ಲಿ ಗೊತ್ತಿದ್ದದ್ದು ಒಬ್ಬನಿಗೆ, ಗಂಡ ಮಲ್ಲೇಶನಿಗೆ. ಅವನೋ ಅದರ ಒಂದು ಸಾಲನ್ನೂ ಓದಿದವನಲ್ಲ. ಚೆನ್ನಾಗೇ ಇರ್ತದೆ ಬುಡು, ಅಂದಿದ್ದ.

ಅದೃಷ್ಟ ಬಂದರೆ ಹೀಗೆ ಹೆದರಿಸುತ್ತದೆ ಅಂತ ಯಾರಾದರೂ ಮೊದಲೇ ಹೇಳಬಾರದಿತ್ತೇ. ಕಳಿಸಿ ಎರಡು ವರ್ಷವಾಗಿ, ಅವಳೇ ಆಸೆ ಬಿಟ್ಟು ಕೂತಿದ್ದ ಕಾದಂಬರಿ ಅದು. ಸಿರಾ ರಸ್ತೆಯ ತಮ್ಮ ಹುಣಸೆಹಣ್ಣಿನ ಗೋದಾಮಿನಲ್ಲಿ ಆಳುಗಳಿಗೆ ಕಾಫಿ ಬಗ್ಗಿಸುತ್ತಿದ್ದಾಗ ಫೋನ್ ಬಂದಿತ್ತು. ಪತ್ರಿಕೆಯ ಸಂಪಾದಕಿ. ಯುಗಾದಿಗೆ ಧಾರಾವಾಹಿ ಶುರುಮಾಡಬೇಕಿದ್ದ ದೊಡ್ಡ ಲೇಖಕರೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾರೆ, ಅವರ ಜಾಗಕ್ಕೆ ನಿಮ್ಮದನ್ನು ಹಾಕೋಣ ಅಂತಿದ್ದೇವೆ, ಪ್ರತಿ ಸೋಮವಾರ ಸಂಜೆಯೊಳಗೆ ಒಂದೊಂದು ಕಂತನ್ನು ತಿದ್ದಿ ಕಳಿಸಬೇಕು, ಆಗುತ್ತಾ? ಯಾರದೋ ಮುರಿದ ಕೈಯ ಮೇಲೆ ತನ್ನ ಭಾಗ್ಯ ನಿಂತಿದೆ ಅಂತಲೂ ಯೋಚಿಸದೆ ಆಗುತ್ತೆ ಮೇಡಂ ಅಂದಿದ್ದಳು. ನಾವು ಇದನ್ನ ಆರಿಸಿದ್ದೇ ಕೊನೇ ಅಧ್ಯಾಯಕ್ಕೋಸ್ಕರ, ಅದನ್ನ ಮಾತ್ರ ಮುಟ್ಟಬೇಡಿ, ಅಂದಿದ್ದರು ಸಂಪಾದಕಿ. ಫೋನಿಟ್ಟು ಹುಣಸೆ ಮೂಟೆಯ ಮೇಲೆ ಕೂತು ಒಬ್ಬಳೇ ನಕ್ಕಳು. ಆಳುಗಳೆಲ್ಲ ತಿರುಗಿ ನೋಡುವಷ್ಟು ನಕ್ಕಳು. ಆಮೇಲೆ ಕೊನೆಯ ಅಧ್ಯಾಯದಲ್ಲಿ ಏನಿದೆ ಅನ್ನುವುದು ನೆನಪಾಯಿತು. ಅದರ ಹಿಂದೆಯೇ, ಪ್ರತಿ ಗುರುವಾರ ಆ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುವ ಹೆಂಗಸು ಈ ಮಧುಗಿರಿಯಲ್ಲಿ ಯಾರು ಅನ್ನುವುದೂ ನೆನಪಾಗಿ ನಗು ನಿಂತಿತು.

ಅತ್ತೆಯನ್ನೇ ಬರೆದಿದ್ದಳು. ಇನ್ಯಾರನ್ನು ಬರೆಯಬೇಕು? ಮದುವೆಯಾಗಿ ಕೊರಟಗೆರೆಯಿಂದ ಬಂದ ದಿನದಿಂದ ಅವಳು ಕಣ್ಣೆತ್ತಿ ಬಗೆಬಗೆಯಾಗಿ ನೋಡಿದ ಮುಖ ಅದೊಂದೇ. ನಾದಿನಿಯನ್ನು ನೋಡಲು ಗಂಡಿನವರು ಬಂದ ದಿನ, ಹದಿನೈದು ಜನರ ಎದುರಿಗೆ, ಬಡಿಸಿದ ಸಾರನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಇವಳ ಕೈಗೆ ಉಪ್ಪಿನ ಅಂದಾಜೇ ಇಲ್ಲ, ತಪ್ಪು ತಿಳಕಾಬೇಡಿ, ಎಂದು ಅತ್ತೆ ತಾವೇ ಎದ್ದು ಹೋಗಿ ಬೇರೆ ಸಾರು ಮಾಡಿದ್ದರು. ಬೀಗರಾಗುವವರು ನಕ್ಕಿದ್ದರು. ಮಲ್ಲೇಶನೂ ನಕ್ಕಿದ್ದ. ಆ ನಗು ಹೊಟ್ಟೆಯಲ್ಲಿ ಕೂತು ಹುಳಿಯಾಗಿ ಹುಳಿಯಾಗಿ, ಗೋದಾಮಿನ ಮೂಲೆಯಲ್ಲಿ ಮೊಬೈಲಿನ ಮೇಲೆ ಹೆಬ್ಬೆರಳು ನೋಯುವ ತನಕ ಕುಟ್ಟಿದ ಕಾದಂಬರಿ ಇದು. ಗುರುತು ಸಿಗಬಾರದೆಂದು ಮನೆಯನ್ನು ಪಾವಗಡಕ್ಕೆ ಎತ್ತಿಕೊಂಡು ಹೋದಳು, ಮಾತಿನಲ್ಲಿ ಅಲ್ಲಲ್ಲಿ ತೆಲುಗು ಸೇರಿಸಿದಳು. ಮನೆತನವನ್ನೂ ಬದಲಾಯಿಸಿದಳು. ವಿಭೂತಿಗಟ್ಟಿ ಹೋಗಿ ಹಿತ್ತಿಲಿಗೆ ತುಳಸಿಕಟ್ಟೆ ಬಂತು, ಚನ್ನಮಲ್ಲಮ್ಮನವರು ಹೋಗಿ ವೆಂಕಟಲಕ್ಷ್ಮಮ್ಮ ಎಂಬ ಮಡಿಯ ವಿಧವೆ ಬಂದಳು. ಕೊನೆಯಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಎದೆ ಹಿಡಿದುಕೊಂಡು ಮಾತ್ರೆಗಾಗಿ ಕೂಗುವ ವೆಂಕಟಲಕ್ಷ್ಮಮ್ಮನ ದನಿ ಸೊಸೆಗೆ ಕೇಳಿಸುತ್ತದೆ. ಸೊಸೆ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟು ಪಾತ್ರೆ ತೊಳೆಯುತ್ತ ನಿಲ್ಲುತ್ತಾಳೆ. ಅದನ್ನು ಬರೆದು ಮುಗಿಸಿದ ದಿನ ಲೋಹಿತಾ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದ್ದಳು. ಅದನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಅತ್ತೆ ಓದುವ ರೀತಿಯೋ, ದೇವರಿಗೇ ಪ್ರೀತಿ. ಮನಸ್ಸಿನಲ್ಲಿ ಓದಿಕೊಳ್ಳುವ ಅಭ್ಯಾಸವೇ ಇಲ್ಲ. ಮಾವ ನಾಗಲಿಂಗಯ್ಯನವರು ಬದುಕಿದ್ದಾಗ ಅವರಿಗೆ ಓದಿ ಹೇಳಿ ರೂಢಿಯಾದದ್ದು, ಈಗ ಪಕ್ಕದ ಮನೆಯ ದಾಕ್ಷಾಯಣಮ್ಮನಿಗೆ ಓದಿ ಹೇಳುತ್ತಾರೆ. ಪೊರೆ ಬಂದ ಕಣ್ಣಿನ ದಾಕ್ಷಾಯಣಮ್ಮ ಮೊರದ ತುಂಬ ಹುಣಸೆಹಣ್ಣು ಇಟ್ಟುಕೊಂಡು ಬೀಜ ಬಿಡಿಸುತ್ತ ಕೇಳುತ್ತಾರೆ. ಅಡುಗೆಮನೆಯ ಬಾಗಿಲ ಹಿಂದೆ ಲೋಹಿತಾ ಉಸಿರು ಬಿಗಿಹಿಡಿದು ಕೇಳುತ್ತಾಳೆ. ತಾನು ಬರೆದ ಮಾತು ತಾನು ಯಾರನ್ನು ಬರೆದಳೋ ಅವರ ಬಾಯಿಂದಲೇ ಹೊರಡುವುದನ್ನು ಕೇಳುವುದೆಂದರೆ ಏನು ಸಾಮಾನ್ಯ ಶಿಕ್ಷೆಯೇ. ಮೊದಲ ವಾರ ಉಗ್ರಾಣಕ್ಕೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ವೆಂಕಟಲಕ್ಷ್ಮಮ್ಮ ಬಂದಾಗ, ಸೊಂಟದಲ್ಲಿ ಅಂಥದ್ದೇ ಕೀಲಿ ಇದ್ದ ಅತ್ತೆ ಓದು ನಿಲ್ಲಿಸಿದ್ದರು. ಗುರುತು ಸಿಕ್ಕಿಯೇಬಿಟ್ಟಿತು ಎಂದುಕೊಂಡಳು ಲೋಹಿತಾ. ಅತ್ತೆ ಹೇಳಿದ್ದು ಬೇರೆಯೇ. ಬರೆದೋಳು ಇವಳನ್ನ ಬರೀ ಜಿಪುಣಿ ಅಂತ ಮಾಡವ್ಳೆ, ಸುಮ್‌ಸುಮ್ನೆ ಯಾರೂ ಬೀಗ ಹಾಕಲ್ಲ, ಯಾವತ್ತೋ ಒಂದಿನ ಮಕ್ಕಳು ಹಸಿದಾಗ ಡಬ್ಬ ತೆಗೆದು ಖಾಲಿ ಇದ್ದಿದ್ದ ನೋಡಿರ್ತಾಳೆ, ಅದನ್ನ ಕೇಳ್ಬೇಕಲ್ವಾ ಬರಿಯೋರು. ಇಷ್ಟು ಹೇಳಿ ಮುಂದಕ್ಕೆ ಓದಿದ್ದರು. ಗುರುತು ಹಿಡಿಯಲಿಲ್ಲ ಸದ್ಯ ಎಂದು ಲೋಹಿತಾ ಸ್ಟವ್ ಕಡೆ ತಿರುಗಿದಳು. ಆದರೆ ಆ ಖಾಲಿ ಡಬ್ಬ ಅವಳನ್ನು ಬಿಡಲಿಲ್ಲ. ಸೋಮವಾರ ಎರಡನೆಯ ಕಂತಿಗೆ ಅದನ್ನು ಸೇರಿಸಿ ಕಳಿಸಿದಳು. ಈ ಡಬ್ಬದ ಮಾತು ಎಲ್ಲಿಂದ ಬಂತ್ರೀ ನಿಮಗೆ, ಇಡೀ ಕಥೆಗೇ ಜೀವ ಬಂತು, ಎಂದು ಸಂಪಾದಕಿ ಫೋನ್ ಮಾಡಿದರು.

ಅಲ್ಲಿಂದ ಶುರುವಾಯಿತು ಈ ಚಟ. ಗುರುವಾರವೆಂದರೆ ಭಯ, ಆದರೂ ಗುರುವಾರ ಬೇಕಿತ್ತು. ಹುಟ್ಟಿದಾಗಿನಿಂದ ಅವಳು ಬರೆದದ್ದನ್ನು ಯಾರೂ ಹೀಗೆ ತೆಗೆದುಕೊಂಡಿರಲಿಲ್ಲ. ಕಾಲೇಜಿನಲ್ಲಿ ಮೇಷ್ಟ್ರು ಭೇಷ್ ಅಂದಿದ್ದರು, ಗಂಡ ಬುಡು ಅಂದಿದ್ದ. ಅತ್ತೆ ಮಾತ್ರ, ಈ ಹೆಂಗಸು ಅಳೋದು ಜಾಸ್ತಿಯಾಯ್ತು, ಅಂದರು. ಈ ಸೊಸೆ ಒಂದ್ ತಪ್ಪೂ ಮಾಡಲ್ವಾ, ಅಂದರು. ಎಲ್ಲಾ ಬೈಗುಳಾನೂ ಅತ್ತೆ ಬಾಯಿಗೇ ಹಾಕವ್ಳೆ, ಸೊಸೆ ಬಾಯಲ್ಲಿ ಬೆಣ್ಣೆ ಇಟ್ಟವ್ಳೆ, ಅಂದರು. ಒಂದೊಂದು ಮಾತೂ ಕೆನ್ನೆಗೆ ಹೊಡೆದಂತೆ ಬೀಳುತ್ತಿತ್ತು. ಒಂದೊಂದೂ ನಿಜವಾಗಿತ್ತು. ಬೆನ್ನ ಹಿಂದೆ ನಿಂತು ಕದ್ದು ಕೇಳಿ ಕದ್ದು ತಿದ್ದುವ ತನ್ನ ಬಾಳಿಗೆ ಇಷ್ಟು ಬೆಂಕಿ ಹಾಕ ಎಂದು ಬೈದುಕೊಳ್ಳುತ್ತಲೇ ಅವಳು ತಿದ್ದಿದಳು. ಕಾದಂಬರಿ ಚೆನ್ನಾಗುತ್ತ ಹೋಯಿತು. ಅದು ಚೆನ್ನಾದಷ್ಟೂ ವೆಂಕಟಲಕ್ಷ್ಮಮ್ಮ ಚನ್ನಮಲ್ಲಮ್ಮನವರಿಗೆ ಹತ್ತಿರ ಹತ್ತಿರವಾಗುತ್ತ ಹೋದಳು.

ಈ ಗುರುವಾರದ್ದು ಕೊನೆಯದಕ್ಕಿಂತ ಹಿಂದಿನ ಕಂತು. ಅತ್ತೆ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಂದು, ಕನ್ನಡಕ ಒರೆಸಿ, ಓದಲು ಶುರು ಮಾಡಿದರು. ಆಚೆ ಮಧುಗಿರಿ ಬೆಟ್ಟದ ಬಂಡೆ ಆಗಲೇ ಕಾದು, ಅದರ ಝಳ ನಡುಮನೆಯವರೆಗೂ ಹೊಡೆಯುತ್ತಿತ್ತು. ಮಗನಿಗೆ ಅಪಘಾತವಾಗಿದೆಯೆಂಬ ಸುಳ್ಳು ಸುದ್ದಿ ಬರುವ ಭಾಗ ಅದು. ವೆಂಕಟಲಕ್ಷ್ಮಮ್ಮ ಹೊಸ್ತಿಲಲ್ಲೇ ನಿಂತುಬಿಡುತ್ತಾಳೆ, ಅವಳ ಕೈ ತಾನಾಗಿ ಕೊರಳಿಗೆ ಹೋಗಿ ಅಲ್ಲಿದ್ದುದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಷ್ಟು ಓದಿ ಅತ್ತೆ ನಿಲ್ಲಿಸಿದರು. ಅದೇ ಸಾಲನ್ನು ಇನ್ನೊಂದು ಸಲ ಓದಿದರು.

"ಏನ್ ಹಿಡ್ಕಂಡ್ಳು?" ಅಂದರು.

ಸರಾನೋ ಏನೋ ಇರ್ಬೇಕು ಓದ್ರಕ್ಕಾ, ಅಂದರು ದಾಕ್ಷಾಯಣಮ್ಮ.

"ಮಡಿ ಹೆಂಗಸು. ಗಂಡ ಸತ್ತು ಎಷ್ಟೋ ವರ್ಷ ಆಗೈತೆ. ತುಳಸಿಕಟ್ಟೆ ಇಟ್ಕಂಡಿರೋ ಮನೇಲಿ, ತಾಳಿ ತೆಗೆದ ಮೇಲೆ, ಅವಳ ಕೊರಳಾಗೆ ಏನೈತೆ ಹಿಡ್ಕಣಾಕೆ?"

ಬಾಗಿಲ ಸಂದಿಯಿಂದ ಲೋಹಿತಾಳಿಗೆ ಕಂಡದ್ದು ಅತ್ತೆಯ ಕೈ. ಆ ಮಾತು ಹೇಳುವಾಗಲೇ ಅದು ಕೊರಳಿಗೆ ಹೋಗಿ, ಸೆರಗಿನೊಳಗಿನ ಬೆಳ್ಳಿಯ ಕರಡಿಗೆಯನ್ನು, ಲಿಂಗವಿರುವ ಕರಡಿಗೆಯನ್ನು, ಮುಷ್ಟಿಯಲ್ಲಿ ಹಿಡಿದಿತ್ತು. ಗಂಡ ಸತ್ತರೂ ಸಾಯುವ ತನಕ ಎದೆಯ ಮೇಲಿರುವುದು ಅದು. ಹೆದರಿದಾಗೆಲ್ಲ ಅತ್ತೆಯ ಕೈ ಹೋಗುವುದು ಅಲ್ಲಿಗೇ. ಮಲ್ಲೇಶನ ಬೈಕು ತಡವಾದಾಗ, ಮಾವನ ಉಸಿರು ನಿಂತಾಗ, ಅಲ್ಲಿಗೇ ಹೋಗಿತ್ತು. ಊರು ಬದಲಾಯಿಸಿದ್ದಳು, ದೇವರು ಬದಲಾಯಿಸಿದ್ದಳು, ಕೈಯನ್ನು ಮರೆತಿದ್ದಳು. ಅತ್ತೆ ತಮ್ಮ ಮುಷ್ಟಿಯನ್ನು ಬಗ್ಗಿ ನೋಡಿಕೊಂಡರು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಬೈಯಲಿಲ್ಲ, ಏಳಲಿಲ್ಲ. ಉಳಿದದ್ದನ್ನು, ಸೊಸೆ ವೆಂಕಟಲಕ್ಷ್ಮಮ್ಮನ ಎದೆಯ ಮಾತ್ರೆಯನ್ನು ಕೈಯಲ್ಲಿ ಹಿಡಿದು ಯೋಚಿಸುತ್ತ ನಿಲ್ಲುವವರೆಗೂ, ಓದಿ ಮುಗಿಸಿದರು, ಆದರೆ ಪ್ರತಿ ವಾರದಂತೆ ಗಟ್ಟಿಯಾಗಿ ಅಲ್ಲ. ದಾಕ್ಷಾಯಣಮ್ಮ ಎರಡು ಸಲ ಕೇಳಿಸಲಿಲ್ಲ ಅಂದರು.

ಮಧ್ಯಾಹ್ನ ಊಟವಾದ ಮೇಲೆ ಎಂದಿನಂತೆ ಲೋಹಿತಾ ಎದೆಯ ಮಾತ್ರೆ ಮತ್ತು ನೀರು ತಂದಳು. ಇಷ್ಟು ವರ್ಷ ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ ಕೈ ಚಾಚಿ, ಬಾಯಿಗೆ ಹಾಕಿಕೊಂಡು ಗುಟುಕರಿಸುತ್ತಿದ್ದರು. ಅವತ್ತು ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಹೋದರು. ತಿರುಗಿಸಿ ನೋಡಿದರು. ಅದರ ಪಟ್ಟಿ ತಗಂಬಾ, ಅಂದರು. ತಂದುಕೊಟ್ಟಳು. ಅದರ ಮೇಲಿದ್ದ ಮಾತ್ರೆಯ ಹೆಸರು ಓದಿಕೊಂಡು, ಆಮೇಲೆ ನುಂಗಿದರು. ಪಟ್ಟಿಯನ್ನು ವಾಪಸು ಕೊಡಲಿಲ್ಲ. ಅತ್ತೆ, ಏನಂದುಕೊಂಡಿರಿ ನೀವು, ಎಂದು ಲೋಹಿತಾಳಿಗೆ ಕೇಳಬೇಕೆನ್ನಿಸಿತು. ಕೇಳಿದರೆ ಅವರು ಅಂದುಕೊಂಡದ್ದನ್ನು ಬಾಯಿಬಿಟ್ಟು ಹೇಳಿಬಿಟ್ಟಾರು ಎಂದು ಹೆದರಿ ಖಾಲಿ ಲೋಟ ಹಿಡಿದು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಲು ಹೋದ ಕೈ ಅಲ್ಲೇ ನಿಂತಿತು. ಪಾತ್ರೆಗಳನ್ನು ಬಕೆಟ್ಟಿನ ನೀರಿನಲ್ಲಿ, ಸದ್ದಾಗದಂತೆ, ತೊಳೆದಳು.

ಅಲ್ಲಿಂದಾಚೆಗೆ ಮನೆಯಲ್ಲಿ ಏನೂ ಆಗಲಿಲ್ಲ. ಆಗದಿದ್ದುದೇ ಭಯ. ಅತ್ತೆ ಉಪ್ಪು ಕಮ್ಮಿಯೆನ್ನಲಿಲ್ಲ. ಕರೆದರೆ ಬಂದರು, ಬಡಿಸಿದ್ದನ್ನು ಉಂಡರು, ಆದರೆ ಲೋಹಿತಾ ಮೊದಲ ತುತ್ತು ಬಾಯಿಗಿಟ್ಟ ಮೇಲೆ ಉಂಡರು. ಅಥವಾ ಅದು ತನ್ನ ಭ್ರಮೆಯೋ. ಮಲ್ಲೇಶನಿಗೆ ಹೇಳಿದರೆ ಅವನು ನಕ್ಕ. ಅಮ್ಮಂಗೆ ಗೊತ್ತಾದ್ರೆ ಊರೆಲ್ಲಾ ಹೇಳ್ಕಂಡು ಬರ್ತಾಳೆ ಕಣೇ, ನನ್ ಸೊಸೆ ರೈಟ್ರು ಅಂತ, ಎಂದು ಹೇಳಿ ಗೊರಕೆ ಹೊಡೆದ. ಶನಿವಾರ ಗೋದಾಮಿನ ಮೂಲೆಯಲ್ಲಿ ಕೂತು ಕೊನೆಯ ಅಧ್ಯಾಯ ತೆರೆದು ಬೇರೆ ಥರ ಬರೆದು ನೋಡಿದಳು. ಸೊಸೆ ನಲ್ಲಿ ನಿಲ್ಲಿಸಿ ಓಡುತ್ತಾಳೆ, ಮಾತ್ರೆ ಕೊಡುತ್ತಾಳೆ, ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಬರೆದು ಓದಿದರೆ ವಾಂತಿ ಬರುವಂತಿತ್ತು. ಮಗ ಬರುತ್ತಾನೆ, ಪಕ್ಕದ ಮನೆಯವಳು ಬರುತ್ತಾಳೆ, ಆಂಬುಲೆನ್ಸ್ ಬರುತ್ತದೆ. ಯಾರು ಬಂದರೂ ಅಧ್ಯಾಯ ಏಳಲಿಲ್ಲ. ನಾಚಿಕೆ ಬಿಟ್ಟು ಸಂಪಾದಕಿಗೆ ಫೋನ್ ಮಾಡಿ, ಅವಳನ್ನು ಉಳಿಸಿದರೆ ಹೇಗೆ ಮೇಡಂ, ಅಂದಳು. ಉಳಿಸಿದರೆ ಉಳಿದದ್ದೆಲ್ಲ ಯಾಕೆ ಬರೆದಿರಿ ಅಂತ ಓದುಗರು ಕೇಳ್ತಾರೆ, ಪುಸ್ತಕ ಮಾಡಲು ಪ್ರಕಾಶಕರೂ ಇದೇ ಅಧ್ಯಾಯ ಕಾಯ್ತಿದ್ದಾರೆ, ನೀವು ಹೆದರಬೇಡಿ, ಅಂದರು. ಹೆದರಬೇಡಿ ಅಂತೆ. ಬೆಂಗಳೂರಿನಲ್ಲಿ ಕೂತು ಹೇಳುವುದು ಎಷ್ಟು ಸುಲಭ.

ಸೋಮವಾರ ಮಲ್ಲೇಶ ತಿರುಮಣಿ ಕಡೆ ಹುಣಸೆ ಮರ ನೋಡಲು ಬೆಳಗಾಗುತ್ತಲೇ ಹೊರಟುಹೋದ. ಮನೆಯಲ್ಲಿ ಇಬ್ಬರೇ ಉಳಿದರು. ಲೋಹಿತಾ ಎಂಬ ಕೂಗು ನಡುಮನೆಯಿಂದ ಒಂದೇ ಸಲ ಬಂತು. ತೊಳೆಯುತ್ತಿದ್ದ ಅಕ್ಕಿಯನ್ನು ಹಾಗೇ ಬಿಟ್ಟು, ಕೈ ಒರೆಸಿಕೊಳ್ಳದೆ, ಓಡಿದಳು. ಅತ್ತೆ ಚೆನ್ನಾಗಿಯೇ ಕೂತಿದ್ದರು. ಒದ್ದೆ ಕೈಯಲ್ಲಿ ಏದುಸಿರು ಬಿಡುತ್ತ ನಿಂತವಳನ್ನು ಮೇಲಿಂದ ಕೆಳಗೆ ನೋಡಿದರು. ಈ ಗುರುವಾರ ಅವಳು ಸಾಯ್ತಾಳೆ ಅಲ್ವಾ, ಅಂದರು. ಲೋಹಿತಾ ನೆಲ ನೋಡಿದಳು. ಓದು, ಅಂದರು.

ನೆಲದ ಮೇಲೆ ಕೂತು ಮೊಬೈಲ್ ನೋಡಿಕೊಂಡು ಓದಿದಳು. ಹಳೆಯದನ್ನೇ ಓದಿದಳು, ನಲ್ಲಿ ಜೋರಾಗುವುದನ್ನೇ. ವೆಂಕಟಲಕ್ಷ್ಮಮ್ಮ ಸೊಸೆಯನ್ನು ಮತ್ತೆ ಮತ್ತೆ ಕೂಗುತ್ತಾಳೆ, ಬೇಡಿಕೊಳ್ಳುತ್ತಾಳೆ, ದೇವರನ್ನು ಕರೆಯುತ್ತಾಳೆ, ಕೊನೆಗೆ ದನಿ ನಿಲ್ಲುತ್ತದೆ. ತಾನೇ ಕೊಂದು, ಕೊಲೆಯಾದವರಿಗೆ ತಾನೇ ಓದಿ ಹೇಳುವ ಗತಿ ಶತ್ರುವಿಗೂ ಬೇಡ ಅನ್ನಿಸಿ ಕಣ್ಣು ಮಂಜಾಯಿತು. ಆದರೂ ಒಂದು ಸಾಲೂ ಬಿಡದೆ ಓದಿದಳು. ಬಿಟ್ಟರೆ ಅತ್ತೆಗೆ ತಿಳಿದುಬಿಡುತ್ತಿತ್ತು.

"ಅಷ್ಟೊಂದ್ ಸಲ ಕೂಗಲ್ಲ ಕಣಮ್ಮ ಅವಳು," ಅಂದರು ಅತ್ತೆ. "ಒಂದೇ ಸಲ ಕೂಗ್ತಾಳೆ. ನಲ್ಲಿ ಜೋರಾಗಿದ್ದು ಅವಳಿಗೂ ಕೇಳಿಸ್ತದಲ್ಲ. ಕೇಳಿಸ್ತಿದ್ದಂಗೇ ಗೊತ್ತಾಗ್ತದೆ. ಗೊತ್ತಾದ್ಮೇಲೆ ಯಾವ ಹೆಂಗಸು ಕೂಗ್ತಾಳೆ? ನೀರಿನ ಸದ್ದ ಕೇಳ್ಕಂಡು ಸುಮ್ಕೆ ಕೂತಿರ್ತಾಳೆ. ಅದ ಬರಿ."

ಭಯದ ನಡುವೆಯೂ ಲೋಹಿತಾಳೊಳಗಿನ ಇನ್ನೊಬ್ಬಳು, ಆ ದರಿದ್ರ ಬರಹಗಾರ್ತಿ, ಹೌದು ಹೌದು ಇದೇ ಸರಿ ಎಂದು ಕುಣಿಯುತ್ತಿದ್ದಳು. ಆಮೇಲೆ, ಎಂದು ಅತ್ತೆ ಕೇಳಿದರು. ಅಲ್ಲಿಗೆ ಮುಗೀತದೆ ಅತ್ತೆ, ಅಂದಳು. ಅದೆಂಗೆ ಮುಗೀತದೆ, ಆ ಸೊಸೆ ಅದೇ ಮನೇಲಿ ಇರ್ಬೇಕಲ್ಲ, ಎಂದರು ಅತ್ತೆ.

ಅತ್ತೆ ಎದ್ದು ಕೋಣೆಗೆ ಹೋಗಿ ಬ್ಯಾಗಿಗೆ ಸೀರೆ ತುಂಬತೊಡಗಿದರು. ಪುರವರಕ್ಕೆ, ತಮ್ಮನ ಮನೆಗೆ, ಸ್ವಲ್ಪ ದಿನ ಇದ್ದು ಬರ್ತೀನಿ ಅಂದರು. ಲೋಹಿತಾ ಕಾಲು ಹಿಡಿದುಕೊಂಡಳು. ನಾನು ಅಂಥೋಳಲ್ಲ ಅತ್ತೆ, ನಿಮ್ಮಾಣೆಗೂ ಅಲ್ಲ, ಎಂದು ಅತ್ತಳು.

"ನಂಗೊತ್ತು, ಏಳು," ಎಂದು ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು. "ಇಷ್ಟ್ ವರ್ಷ ನೀನ್ ಕೊಟ್ಟ ಮಾತ್ರೆ ಕಣ್ಮುಚ್ಕಂಡು ನುಂಗಿವ್ನಿ. ಈಗ ನೋಡ್ದೆ ನುಂಗಾಕಾಗ್ತಿಲ್ಲ. ಅಂಗ್ ಬರ್ದಿದೀಯ ನೀನು. ಬಲು ಚೆನ್ನಾಗ್ ಬರ್ದಿದೀಯ."

ಹದಿನಾರು ವರ್ಷದಲ್ಲಿ ಆ ಬಾಯಿಂದ ಚೆನ್ನಾಗಿದೆ ಅನ್ನುವ ಮಾತು ಬಂದದ್ದು ಅದೇ ಮೊದಲು. ಅದಕ್ಕಾಗಿ ತಾನು ಎಷ್ಟು ಹಂಬಲಿಸಿದ್ದೆನೆಂದು ಅವಳಿಗೆ ಆಗಲೇ ತಿಳಿದದ್ದು. ಬಸ್ ಸ್ಟ್ಯಾಂಡಿನವರೆಗೆ ಬ್ಯಾಗು ಹೊತ್ತು ಹಿಂದೆ ಹಿಂದೆ ನಡೆದಳು. ದಂಡಿನಮಾರಮ್ಮನ ಗುಡಿಯ ಹತ್ತಿರ ಸೆರಗು ಹಿಡಿದು ನಿಲ್ಲಿಸಿ, ಬದಲಾಯಿಸಿಬಿಡ್ತೀನಿ ಅತ್ತೆ, ಅವಳನ್ನ ಸಾಯಿಸಲ್ಲ, ಮನೆಗೆ ಬನ್ನಿ, ಅಂದಳು. ಅತ್ತೆ ಮುಖ ಸಿಂಡರಿಸಿದರು. ಸಾರಿಗೆ ಉಪ್ಪು ಕಮ್ಮಿಯಾದಾಗ ಸಿಂಡರಿಸುತ್ತಿದ್ದ ಮುಖ ಅದೇ. ಬದಲಾಯಿಸಿದ್ರೆ ನಾನ್ ಓದಲ್ಲ, ಸುಳ್ಳಾಗ್ತದೆ, ಎಂದು ಸೆರಗು ಬಿಡಿಸಿಕೊಂಡು ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತು, ಇವಳ ಕಡೆ ತಿರುಗದೆ, ಮುಂದೆ ನೋಡಿದರು. ಬಸ್ಸು ಹೋಯಿತು.

ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಲೋಹಿತಾ ಮೊಬೈಲ್ ತೆರೆದಳು. ಕೂಗುಗಳನ್ನೆಲ್ಲ ಅಳಿಸಿ ಒಂದನ್ನು ಉಳಿಸಿದಳು. ವೆಂಕಟಲಕ್ಷ್ಮಮ್ಮ ನೀರಿನ ಸದ್ದು ಕೇಳುತ್ತ ಕೂತಿದ್ದಳು, ಕೊರಳಿಗೆ ಹೋದ ಕೈಗೆ ಅಲ್ಲಿ ಏನೂ ಸಿಗಲಿಲ್ಲ, ಎಂದು ಬರೆದಳು. ಬರೆಯುವಾಗ ಬೆರಳು ಹೆದರಲಿಲ್ಲ, ಅದೇ ಅವಳನ್ನು ಹೆದರಿಸಿತು. ಕಳಿಸಿದಳು. ಸ್ವಲ್ಪ ಹೊತ್ತಿಗೆ ಸಂಪಾದಕಿಯ ಉತ್ತರ ಬಂತು, ಓದಿ ಕೈ ನಡುಗುತ್ತಿದೆ, ನೀವಿನ್ನು ದೊಡ್ಡ ಲೇಖಕಿ, ಅಂತ. ಬಾಯಿಪಾಠವಾಗುವಷ್ಟು ಸಲ ಓದಿದರೂ ಅದು ಬೇರೆ ಯಾರಿಗೋ ಬಂದ ಸುದ್ದಿಯ ಹಾಗಿತ್ತು. ಬಿಸಿಲು ಏರಿತ್ತು. ಎದ್ದು ಮನೆಗೆ ಹೋಗಬೇಕಿತ್ತು. ಹೋಗಿ ಬೀಗ ತೆಗೆದು ಆ ನಡುಮನೆಯೊಳಗೆ ಒಬ್ಬಳೇ ಕಾಲಿಡಬೇಕಲ್ಲ ಅನ್ನಿಸಿ ಕೂತೇ ಇದ್ದಳು.

ಫೋನ್ ಹೊಡೆದುಕೊಂಡಿತು. ಮಲ್ಲೇಶ. ಅಮ್ಮಂಗೆ ಆವಾಗಿಂದ ಮಾಡ್ತಿದೀನಿ, ಎತ್ತುತಿಲ್ಲ, ಕೊಡು ಒಂಚೂರು, ಅಂದ. ಬಸ್ಸಿನ ಗಲಾಟೆಯಲ್ಲಿ ಅತ್ತೆಗೆ ಕೇಳಿಸಿರಲಾರದು, ಹಾಗಂತ ಹೇಳಬೇಕಿತ್ತು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಆ ಒಂದು ಗಳಿಗೆಯ ಮೌನದಲ್ಲಿ ಅವನ ದನಿ ಬದಲಾಯಿತು. ಅವನು ಆ ಕಾದಂಬರಿಯ ಒಂದು ಸಾಲನ್ನೂ ಓದಿದವನಲ್ಲ, ಆದರೂ.

"ಲೋಹಿತಾ," ಅಂದ. "ಅಮ್ಮಂಗೇನಾಯ್ತು?"

"ಪುರವರಕ್ಕೆ ಹೋದ್ರು," ಅಂದಳು. ಅವಳ ದನಿ ಅವಳಿಗೇ ಸುಳ್ಳಿನಂತೆ ಕೇಳಿಸಿತು.